ಅಪ್ಪ ಬಿಗಿ ಮಾಡಿಕೊಟ್ಟ ಶಾಕಪ್

ಸೈಕಲ್ಲಿನ ಮುಂದಿನ, ಕುಲುಕಾಟ ತಡೆಯುವ ಶಾಕಪ್ ಬದಲಿಸುವುದು ದುಡ್ಡು ದಂಡ ಎಂದು ಅಕ್ಕನಿಗೆ ಮೊದಲು ಹೇಳಿದವಳು ನಾನೇ. ಆ ವಾದದಲ್ಲಿ ಸೋತೆ. ಚರ್ಚಾಸ್ಪರ್ಧೆಗೆಂದು ಕಾಲೇಜಿನಿಂದ ಕಾಲೇಜಿಗೆ ಅಲೆದವಳಿಗೆ ಸೋಲು ಹೊಸದಲ್ಲ. ಆದರೆ ಸೋತು, ಸೋತದ್ದೇ ಒಳ್ಳೆಯದಾಯಿತೆಂದು ಒಂದು ಇಡೀ ಮಳೆಗಾಲ ಖುಷಿಪಟ್ಟು, ಆಮೇಲೆ ಗೆದ್ದವಳ ಕೈಯಲ್ಲೂ ಏನೂ ಉಳಿಯದೆ ಹೋದದ್ದು ಇದೊಂದೇ ಸಲ.

ಅಕ್ಕ ಸದಲಗಾದ ಆಚೆ ಒಂದು ತೋಟದ ಶಾಲೆಯಲ್ಲಿ ಟೀಚರ್. ನಮ್ಮ ಕಡೆ ಎಷ್ಟೋ ಮನೆತನಗಳು ಊರೊಳಗೆ ಇರುವುದಿಲ್ಲ, ಹೊಲದಲ್ಲೇ ಮನೆ ಕಟ್ಟಿಕೊಂಡಿರುತ್ತವೆ. ಆ ಮನೆಗಳ ಮಕ್ಕಳಿಗಾಗಿ ಕಬ್ಬಿನ ನಡುವೆ ಎರಡು ಕೋಣೆಯ ಸರ್ಕಾರಿ ಶಾಲೆ ಇರುತ್ತದೆ. ಅಲ್ಲಿಗೆ ಬಸ್ಸಿಲ್ಲ. ಡಾಂಬರು ಊರ ಅಂಚಿಗೆ ಮುಗಿಯುತ್ತದೆ, ಮುಂದೆ ಎರೆಮಣ್ಣಿನ ಗಾಡಿದಾರಿ. ಸಕ್ಕರೆ ಕಾರ್ಖಾನೆಗಳು ಶುರುವಾದರೆ ಒಂದೊಂದು ಟ್ರ್ಯಾಕ್ಟರು ಹಿಂದೆ ಎರಡೆರಡು ಟ್ರಾಲಿ ಕಟ್ಟಿಕೊಂಡು ಆ ದಾರಿಯನ್ನು ಉತ್ತು ಹಾಕುತ್ತದೆ. ಹಸಿ ಇದ್ದಾಗ ಬಿದ್ದ ಗಾಲಿಯ ಗುರುತು ಒಣಗಿದ ಮೇಲೆ ಕಲ್ಲಾಗುತ್ತದೆ. ಅದರ ಮೇಲೆ ಹೋಗುವ ಯಾವುದೇ ಗಾಡಿ ಹಲ್ಲು ಕಡಿದಂತೆ ಸದ್ದು ಮಾಡುತ್ತದೆ.

ಅಕ್ಕ ಮೊದಲು ಸ್ಕೂಟಿಯಲ್ಲಿ ಹೋಗುತ್ತಿದ್ದಳು. ಒಂದು ಮುಂಜಾನೆ ಕಾಲುವೆಯ ಹತ್ತಿರ ಕೆಸರಿನಲ್ಲಿ ಸಣ್ಣ ಗಾಲಿ ಜಾರಿ ಬಲಗೈಯ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೂ ನೋವು ಪೂರಾ ಹೋಗಲಿಲ್ಲ. ಕುಲುಕಾಟ ತಾಗದಂತೆ ನೋಡಿಕೊಳ್ಳಿ ಎಂದು ಚಿಕ್ಕೋಡಿಯ ಡಾಕ್ಟರು ಹೇಳಿದರು. ಅಪ್ಪ ಸ್ಕೂಟಿಯನ್ನು ಕೇಳದೆಯೇ ಮಾರಿಬಿಟ್ಟ. ದಿನಾ ತನ್ನ ಬೈಕಿನ ಹಿಂದೆ ಕೂಡಿಸಿಕೊಂಡು ಶಾಲೆಗೆ ಬಿಟ್ಟು ಬರತೊಡಗಿದ. ಊರವರೆಲ್ಲ ಎಂಥ ತಂದೆ ಎಂದು ಹೊಗಳಿದರು. ಹೊಗಳಿದ್ದರಲ್ಲಿ ತಪ್ಪೇನೂ ಇಲ್ಲ.

ಆದರೆ ಅಕ್ಕನಿಗೆ ಒಬ್ಬಳೇ ಹೋಗಬೇಕಿತ್ತು. ಇದನ್ನು ನನಗೆ ಬಿಡಿಸಿ ಹೇಳಿದ್ದು ಒಂದೇ ಸಲ. ನಾನು ಧಾರವಾಡದಲ್ಲಿ ಕಾನೂನು ಓದುತ್ತಿದ್ದೆ, ಬೇಸಿಗೆ ಸೂಟಿಗೆ ಮನೆಗೆ ಬಂದಿದ್ದೆ. ಪಿಯುಸಿಯಲ್ಲಿ ಹಟ ಹಿಡಿದು ಕೊಡಿಸಿಕೊಂಡಿದ್ದ ನನ್ನ ಗೇರ್ ಸೈಕಲ್ಲು ಗೋಡೆಗೆ ಒರಗಿ ನಿಂತಿತ್ತು. ಅಕ್ಕ ಅದರ ಹ್ಯಾಂಡಲ್ ಹಿಡಿದು ನೋಡುತ್ತಿದ್ದಳು. ಅಪ್ಪ ದಿನಾ ಬಿಟ್ಟು ಬರುತ್ತಾನಲ್ಲ, ನಿನಗೇನು ತೊಂದರೆ ಎಂದು ಕೇಳಿದೆ.

"ಮನ್ಯಾಗ ನಾ ಮಗಳು, ಸಾಲ್ಯಾಗ ಟೀಚರ್," ಅಂದಳು. "ನಡುವಿನ ದಾರ್ಯಾಗ ನಾ ಯಾರೂ ಅಲ್ಲ. ಅದ ಒಂದ ತಾಸು ಬೇಕಾಗೈತಿ ನನಗ, ಮತ್ತೇನಿಲ್ಲ."

ಈ ಮಾತಿಗೆ ಎದುರುವಾದ ಹೂಡಲು ನನಗೂ ಮನಸ್ಸಾಗಲಿಲ್ಲ. ಹೂಡಿದ್ದು ಸೈಕಲ್ಲಿನ ವಿಷಯದಲ್ಲಿ.

ಅದರ ಮುಂದಿನ ಫೋರ್ಕ್, ನಮ್ಮ ಸೈಕಲ್ ಅಂಗಡಿಯವರ ಬಾಯಲ್ಲಿ ಚಿಮಟಾ, ಬರೀ ತೋರಿಕೆಯದು. ಒಳಗೆ ಎರಡು ಸ್ಪ್ರಿಂಗು, ಮೇಲೆ ಹೊಳೆಯುವ ಅಂಟುಚೀಟಿ. ಅಕ್ಕನಂಥ ಹಗುರದವರು ಕೂತರೆ ಅದು ಅಲ್ಲಾಡುವುದೇ ಇಲ್ಲ. ಎಂಬತ್ತು ಕಿಲೋದವನು ಕೂತರೆ ಮಾತ್ರ ಸ್ವಲ್ಪ ಬಾಗಿ ನಮಸ್ಕಾರ ಮಾಡುತ್ತದೆ. ಅಕ್ಕ ಮೊಬೈಲಿನಲ್ಲಿ ಏನೇನೋ ಓದಿ, ಗಾಳಿ ತುಂಬುವ ಶಾಕಪ್ ಹಾಕಿಸಿದರೆ ನಮ್ಮ ತೂಕಕ್ಕೆ ತಕ್ಕಂತೆ ಮೆತ್ತಗೆ ಮಾಡಿಕೊಳ್ಳಬಹುದು ಎಂದಳು. ಅದೆಲ್ಲ ಮಾರುವವರ ಮಾತು ಎಂದೆ ನಾನು. ನನ್ನ ವಾದ ಹೀಗಿತ್ತು: ಕುಲುಕಾಟವನ್ನು ಮೊದಲು ತಡೆಯುವುದು ಟಾಯರು. ದಪ್ಪ ಟಾಯರು ಹಾಕಿ ಗಾಳಿ ಕಡಿಮೆ ಮಾಡು, ಹಿಡಿಕೆಗೆ ದಪ್ಪ ರಬ್ಬರು ಹಾಕು. ಹತ್ತರಲ್ಲಿ ಒಂದು ಪಾಲು ಖರ್ಚಿನಲ್ಲಿ ಕೆಲಸ ಮುಗಿಯುತ್ತದೆ. ಲೆಕ್ಕದಲ್ಲಿ ಇದು ಈಗಲೂ ಸರಿ. ಟಾಯರು ತರಿಸಿದೆವು, ಹಾಕಿದೆವು. ಸಣ್ಣ ಕಲ್ಲಿನ ದಾರಿಯಲ್ಲಿ ಹಾಯಾಗಿತ್ತು. ಟ್ರಾಲಿ ತುಳಿದ ದಾರಿಗೆ ಬಂದ ಕೂಡಲೇ ಗಾಳಿ ಸಾಲದ ಟಾಯರು ರಿಮ್ಮಿಗೆ ಸಿಕ್ಕಿ ಟ್ಯೂಬು ಹರಿಯಿತು. ಗಾಳಿ ಹೆಚ್ಚಿಸಿದರೆ ಕೈಗೆ ಏಟು, ಇಳಿಸಿದರೆ ಪಂಚರು. ಮೂರನೆಯ ಪಂಚರಿನ ದಿನ ಅಕ್ಕ ಸೈಕಲ್ ನೂಕಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿ, "ತೀರ್ಪು ಕೊಡ್ರಿ ವಕೀಲ್ರ," ಅಂದಳು. ಕೊಟ್ಟೆ.

ಶಾಕಪ್ ಹುಡುಕತೊಡಗಿದ ಮೇಲೆ ಗೊತ್ತಾಯಿತು, ಸೈಕಲ್ಲಿನ ಬಿಡಿಭಾಗ ಒಂದೇ ಬರುವುದಿಲ್ಲ, ಬೀಗರ ಹಾಗೆ ಬಳಗ ಕಟ್ಟಿಕೊಂಡೇ ಬರುತ್ತದೆ. ಈಗಿನ ಹೊಸ ಶಾಕಪ್‌ಗಳಿಗೆಲ್ಲ ಡಿಸ್ಕ್ ಬ್ರೇಕೇ ಬೇಕು. ನಮ್ಮದು ರಿಮ್ಮನ್ನು ರಬ್ಬರಿನಿಂದ ಹಿಡಿಯುವ ಹಳೆಯ ಬ್ರೇಕು. ಶಾಕಪ್ ಹೊಸದಾದರೆ ಬ್ರೇಕು ಹೊಸದು, ಬ್ರೇಕು ಹೊಸದಾದರೆ ಗಾಲಿಯ ನಡುವಿನ ಹಬ್ಬು ಹೊಸದು, ಹಬ್ಬು ಹೊಸದಾದರೆ ಗಾಲಿಯೇ ಹೊಸದು. ಅಷ್ಟು ಖರ್ಚಿಗೆ ಇನ್ನೊಂದು ಸೈಕಲ್ಲೇ ಬರುತ್ತದೆ. ಹಾಗಾಗಿ ನಮಗೆ ಬೇಕಾದದ್ದು ಹಳೆಯ ಮಾದರಿಯ, ಗಾಳಿಯ, ರಬ್ಬರ್ ಬ್ರೇಕು ಕೂಡಿಸುವ ಗೂಟ ಇನ್ನೂ ಉಳಿದಿರುವ, ಯಾರೋ ಬಳಸಿ ಬಿಟ್ಟ ಶಾಕಪ್. ಸೈಕಲ್ಲಿನವರ ವಾಟ್ಸಾಪ್ ಗುಂಪುಗಳಲ್ಲಿ ಅಕ್ಕ ಎಡಗೈ ಬೆರಳಿನಿಂದ ಫೋಟೋ ದೊಡ್ಡದು ಮಾಡಿ ಮಾಡಿ ಗೂಟ ಹುಡುಕುತ್ತಿದ್ದಳು. ಕಡೆಗೆ ನಿಪ್ಪಾಣಿಯ ಬ್ಯಾಂಕ್ ನೌಕರರೊಬ್ಬರ ಬಳಿ ಸಿಕ್ಕಿತು. ಅವರು ಹೊಸ ಸೈಕಲ್ ತೆಗೆದುಕೊಂಡಿದ್ದರು, ಹಳೆಯದನ್ನು ಬಿಡಿ ಬಿಡಿಯಾಗಿ ಮಾರುತ್ತಿದ್ದರು.

ಅಪ್ಪನ ವಿಷಯ ಇಲ್ಲಿ ಹೇಳಬೇಕು. ಅಪ್ಪನದು ಟ್ರಾಲಿ ಗ್ಯಾರೇಜು. ವೆಲ್ಡಿಂಗು, ಲೇಥು, ಪಾಟಾ ಕಟ್ಟುವುದು. ಪಾಟಾ ಅಂದರೆ ಟ್ರಾಲಿಯ ಕೆಳಗೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು, ಭಾರ ಹೊರುವುದು ಅವೇ. ಅಕ್ಕ ಸೈಕಲ್ ತುಳಿಯುವುದು ಅಪ್ಪನಿಗೆ ಮನಸ್ಸಿಲ್ಲ ಎಂದು ನಮಗೆ ಗೊತ್ತಿತ್ತು. ಅಪ್ಪ ಬೇಡ ಎನ್ನಲಿಲ್ಲ. ಸೈಕಲ್ಲಿನ ಕಡೆಗೆ ನೋಡುತ್ತಿರಲಿಲ್ಲ, ಅಷ್ಟೇ. ಅಕ್ಕ ಮುಂಜಾನೆ ಸೈಕಲ್ ಹೊರಗೆ ತೆಗೆಯುವಾಗ ಅಪ್ಪ ಬೈಕಿನ ಕೀಲಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದ. ಅವಳು ಬರುತ್ತೇನೆ ಎಂದರೆ ಹೂಂ ಎನ್ನುತ್ತಿರಲಿಲ್ಲ, ಕೀಲಿಯನ್ನು ಮೊಳೆಗೆ ಸಿಕ್ಕಿಸಿ ಒಳಗೆ ಹೋಗುತ್ತಿದ್ದ. ಮಾತಾಡದವನ ಜೊತೆ ವಾದ ಮಾಡುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ.

ತಂಬಾಕಿನ ಚೀಲ ಇಳಿಸಿ ಖಾಲಿ ಹೊರಟಿದ್ದ ಒಂದು ಟೆಂಪೋದಲ್ಲಿ ಸೈಕಲ್ ಹಾಕಿಕೊಂಡು ನಿಪ್ಪಾಣಿಗೆ ಹೋದೆವು. ಬ್ಯಾಂಕಿನವರು ತಮ್ಮ ಮನೆಯ ಮುಂದಿನ ಪಡಸಾಲೆಯಲ್ಲೇ ಹಳೆಯದನ್ನು ಬಿಚ್ಚಿ ಹೊಸದನ್ನು ಕೂಡಿಸಿದರು. ಹೆಂಡತಿಯ ಜೊತೆ ಮರಾಠಿ, ನಮ್ಮ ಜೊತೆ ಕನ್ನಡ, ನಟ್ಟಿನ ಮೇಲಿಂದ ಪಾನೆ ಜಾರಿದಾಗ ಹಿಂದಿ. ಕೆಲಸ ಮುಗಿದ ಮೇಲೆ ಅಕ್ಕನಿಗೆ ಸೈಕಲ್ ಏರಲು ಹೇಳಿದರು. ಶಾಕಪ್ಪಿನ ನುಣುಪಾದ ಕಂಬಕ್ಕೆ ಒಂದು ಸಣ್ಣ ರಬ್ಬರಿನ ಉಂಗುರ ಹಾಕಿ ಕೆಳಗೆ ಸರಿಸಿದ್ದರು. ಅಕ್ಕ ಕೂತಳು. ಮುಂಭಾಗ ಮೆಲ್ಲಗೆ ಕುಸಿಯಿತು. ಇಳಿದಾಗ ಉಂಗುರ ಎರಡು ಬೆರಳು ಮೇಲೆ ನಿಂತಿತ್ತು.

"ಇಷ್ಟ ಕುಂದರಬೇಕ್ರಿ ಟೀಚರ್," ಅಂದರು ಅವರು. "ಕುಂತ್ರ ಮಾತ್ರ ತಗ್ಗಿನ್ಯಾಗ ಇಳದ ಏಳತೈತಿ. ಕುಂದ್ರಲಿಲ್ಲ ಅಂದ್ರ ಇದೂ ಒಂದ ಕಬ್ಬಣದ ಪೈಪ."

ಗಾಳಿ ತುಂಬಲು ಅದರದೇ ಸಣ್ಣ ಪಂಪು ಬೇಕು. ಅದಕ್ಕೆ ಬೇರೆ ದುಡ್ಡು ಎಂದು ನಾನು ಚೌಕಾಶಿಗೆ ಸಿದ್ಧವಾಗುತ್ತಿದ್ದೆ. ಅಷ್ಟರಲ್ಲಿ ಅವರ ಹೆಂಡತಿ ಒಳಗಿನಿಂದ ಮರಾಠಿಯಲ್ಲಿ, ಪಂಪ್ ಇಟ್ಟುಕೊಂಡು ಏನು ಪೂಜೆ ಮಾಡುತ್ತೀರಾ, ಕೊಟ್ಟು ಕಳಿಸಿ ಎಂದರು. ಪಂಪು ಪುಕ್ಕಟೆ ಬಂತು.

ಆ ಮಳೆಗಾಲ ಅಕ್ಕನದು. ನಾನು ಧಾರವಾಡಕ್ಕೆ ಮರಳಿದ್ದೆ. ದಿನ ಬಿಟ್ಟು ದಿನ ದಾರಿಯ ನಡುವಿನಿಂದಲೇ ಫೋನ್ ಮಾಡುತ್ತಿದ್ದಳು. ಹೇಳುವ ವಿಷಯ ಏನೂ ಇರುತ್ತಿರಲಿಲ್ಲ. ಕಾಲುವೆಗೆ ನೀರು ಬಿಟ್ಟಿದ್ದಾರೆ ಅನ್ನುವಳು. ಯಾರದೋ ಎಮ್ಮೆ ದಾರಿಗೆ ಅಡ್ಡ ಮಲಗಿದೆ, ಅದು ಏಳುವ ತನಕ ನಾನೂ ನಿಂತಿದ್ದೇನೆ ಅನ್ನುವಳು. ಇಂಥದ್ದಕ್ಕೆ ಫೋನ್ ಮಾಡುತ್ತೀಯಾ ಎಂದು ನಾನು ಬೈದರೆ ನಗುವಳು. ಶಾಕಪ್ಪಿನ ಬಗ್ಗೆ ಕೇಳಿದರೆ ಅವಳಿಗೆ ಉಪಮೆ ಮುಗಿಯುತ್ತಿರಲಿಲ್ಲ. ಹಿಟ್ಟು ನಾದಿದಂತೆ ಇದೆ ಅಂದಳು ಒಮ್ಮೆ. ಇನ್ನೊಮ್ಮೆ, ನಮಗಿಂತ ಮೊದಲು ಅದಕ್ಕೇ ದಾರಿ ಗೊತ್ತಿರುತ್ತದೆ ಅಂದಳು. ಕೈನೋವು ಹೇಗಿದೆ ಎಂದು ಕೇಳುವುದನ್ನೇ ನಾನು ಮರೆತಿದ್ದೆ, ಏಕೆಂದರೆ ಅವಳೂ ಮರೆತಿದ್ದಳು.

ದಸರೆಗೆ ನಾನು ಮನೆಗೆ ಹೋಗಲಿಲ್ಲ. ಒಂದು ಅಣಕು ನ್ಯಾಯಾಲಯದ ಸ್ಪರ್ಧೆಯಿತ್ತು. ಮನೆಯಲ್ಲಿ ನಡೆದದ್ದನ್ನು ಅವ್ವ ಹೇಳಿದ್ದು ಸಂಕ್ರಮಣ ಕಳೆದ ಮೇಲೆ.

ಖಂಡೇಪೂಜೆಯ ದಿನ, ಅಂದರೆ ಆಯುಧಪೂಜೆಗೆ, ಅಪ್ಪ ಯಾವ ಆಯುಧವನ್ನೂ ಕೆಲಸಕ್ಕೆ ಮುಟ್ಟುವುದಿಲ್ಲ, ತೊಳೆದು ಸಾಲಾಗಿ ಇಟ್ಟು ಪೂಜೆ ಮಾಡುತ್ತಾನೆ. ಆದ್ದರಿಂದ ಉಳಿದ ಕೆಲಸವೆಲ್ಲ ಹಿಂದಿನ ದಿನವೇ ಮುಗಿಯಬೇಕು. ಅದು ಕಾರ್ಖಾನೆ ಶುರುವಾಗುವ ಮೊದಲಿನ ಹಂಗಾಮು, ಗ್ಯಾರೇಜಿನ ಮುಂದೆ ಟ್ರಾಲಿಗಳ ಸಾಲು. ಅಂಥ ದಿನ ಅಪ್ಪ ಎಲ್ಲ ಟ್ರಾಲಿ ಬದಿಗಿಟ್ಟು ಅಕ್ಕನ ಸೈಕಲ್ಲನ್ನು ತಾನೇ ನೂಕಿಕೊಂಡು ಗ್ಯಾರೇಜಿಗೆ ಒಯ್ದನಂತೆ. ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ಮರುದಿನ ಪೂಜೆಯ ಸಾಲಿನಲ್ಲಿ ಸುತ್ತಿಗೆ, ಪಾನೆ, ವೆಲ್ಡಿಂಗ್ ಯಂತ್ರದ ಪಕ್ಕ ಸೈಕಲ್ಲೂ ನಿಂತಿತ್ತು, ಹ್ಯಾಂಡಲ್ಲಿಗೆ ಚೆಂಡುಹೂವಿನ ಮಾಲೆ. ಅಪ್ಪ ಅಕ್ಕನನ್ನು ಕರೆದು, ಹ್ಯಾಂಡಲ್ಲಿನ ಮೇಲೆ ತನ್ನ ಪೂರ್ತಿ ಭಾರ ಹಾಕಿ ಒತ್ತಿ ತೋರಿಸಿದ. ಮುಂಭಾಗ ಕದಲಲಿಲ್ಲ.

"ಕುಂದರತಿತ್ತು ಇದು," ಅಂದನಂತೆ. "ಇನ್ನ ಕುಂದ್ರಂಗಿಲ್ಲ. ಹುಷಾರ್ ಹೋಗಿ ಬಾ, ಯವ್ವಾ."

ಚರ್ಚೆಯಲ್ಲಿ ನಮಗೆ ಮೊದಲು ಹೇಳಿಕೊಡುವುದು, ಎದುರಿನವರ ವಾದವನ್ನು ಅವರಿಗಿಂತ ಚೆನ್ನಾಗಿ ಮಂಡಿಸಿ ಆಮೇಲೆ ಮುರಿ ಎಂದು. ಅಪ್ಪನ ವಾದವನ್ನು ನಾನು ಮಂಡಿಸಬಲ್ಲೆ. ಖಾಲಿ ಟ್ರಾಲಿ ಒಂದು ಕಡೆ ಬಾಗಿ ನಿಂತಿದೆ ಅಂದರೆ ಅದರ ಪಾಟಾ ಸತ್ತಿದೆ ಎಂದರ್ಥ. ಅದನ್ನು ಹಾಗೇ ಬಿಟ್ಟರೆ ಕಬ್ಬು ತುಂಬಿದ ದಿನ ತಿರುವಿನಲ್ಲಿ ಮಗುಚುತ್ತದೆ; ಮಗುಚಿದವನ್ನು ಅಪ್ಪ ಎತ್ತಿಸಿ ತಂದಿದ್ದಾನೆ, ಕೆಳಗೆ ಸಿಕ್ಕವರನ್ನೂ ನೋಡಿದ್ದಾನೆ. ಕುಸಿಯುವುದಕ್ಕೆ ಮದ್ದು ಇನ್ನೊಂದು ಪಟ್ಟಿ ಸೇರಿಸಿ ಬಿಗಿ ಮಾಡುವುದು. ಒಮ್ಮೆ ಬಿದ್ದು ಕೈ ಮುರಿದುಕೊಂಡ ಮಗಳು ಅಂಗಳದಲ್ಲಿ ಸೈಕಲ್ ಏರುತ್ತಾಳೆ, ಏರಿದ ಕೂಡಲೇ ಮುಂದಿನ ಗಾಲಿಯ ಮೇಲೆ ಎಲ್ಲ ಕುಸಿಯುತ್ತದೆ. ನೋಡುವುದಿಲ್ಲ ನೋಡುವುದಿಲ್ಲ ಎನ್ನುತ್ತಲೇ ಅಪ್ಪ ದಿನಾ ಇದನ್ನು ನೋಡಿದ್ದ. ಇಬ್ಬರು ಹುಡುಗಿಯರು ಸೇರಿ ಸತ್ತ ಮಾಲು ಕೊಂಡು ತಂದಿದ್ದಾರೆ, ಹೇಳಿದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ ಎಂದು ಸುಮ್ಮನೆ ತಾನೇ ಸರಿ ಮಾಡಿದ್ದಾನೆ.

ಇದನ್ನು ಮುರಿಯುವ ಮಾತೂ ನನ್ನ ಹತ್ತಿರ ಇದೆ. ಟ್ರಾಲಿಯ ಮೇಲೆ ಇರುವುದು ಕಬ್ಬು. ಸೈಕಲ್ಲಿನ ಮೇಲೆ ಇರುವುದು ಕೈ. ಇಷ್ಟೇ. ಒಂದು ಉಸಿರಿನ ಮಾತು. ಅದನ್ನು ಹೇಳಬೇಕಾದ ಹೊತ್ತಿನಲ್ಲಿ ಹೇಳುವವರು ಯಾರೂ ಅಲ್ಲಿರಲಿಲ್ಲ. ಹೇಳಬಹುದಾದ ಹೊತ್ತಿಗೆ ಅದರಿಂದ ಉಪಯೋಗವಿರಲಿಲ್ಲ.

ದಸರೆಯಿಂದ ಸಂಕ್ರಮಣದವರೆಗೆ ಅಕ್ಕ ಫೋನಿನಲ್ಲಿ ಎಲ್ಲ ಆರಾಮ ಎಂದೇ ಹೇಳಿದಳು. ದಾರಿಯ ನಡುವಿನಿಂದ ಫೋನ್ ಬರುವುದು ನಿಂತಿತ್ತು. ಕಾರ್ಖಾನೆ ಶುರುವಾಗಿದೆ, ಟ್ರ್ಯಾಕ್ಟರಿನ ಗದ್ದಲ ಎಂದಳು. ನಂಬಿದೆ. ಎಲ್ಲವನ್ನೂ ಸಾಕ್ಷಿ ಕೇಳಿ ನಂಬುವವಳು ನಾನು, ಅಕ್ಕನ ಮಾತಿಗೆ ಮಾತ್ರ ಸಾಕ್ಷಿ ಕೇಳುವ ರೂಢಿ ಇರಲಿಲ್ಲ.

ಸಂಕ್ರಮಣದ ಹಿಂದಿನ ದಿನ, ಭೋಗಿಗೆ, ಊರಿಗೆ ಬಂದೆ. ಅವತ್ತು ನಮ್ಮಲ್ಲಿ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಎಲ್ಲ ತರಕಾರಿ ಕೂಡಿಸಿದ ಪಲ್ಯ. ರೊಟ್ಟಿ ಬಡಿಯುವುದು ಯಾವಾಗಲೂ ಅಕ್ಕನ ಕೆಲಸ, ಅವ್ವನ ರೊಟ್ಟಿ ಅಂಚಿನಲ್ಲಿ ಹರಿಯುತ್ತದೆ ಎಂದು ಅವಳ ತಕರಾರು. ಅವತ್ತು ಅವ್ವ ಬಡಿಯುತ್ತಿದ್ದಳು. ಅಕ್ಕ ಮೂಲೆಯಲ್ಲಿ ಕೂತು ಎಡಗೈಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಬಲಗೈ ತೊಡೆಯ ಮೇಲೆ ಸುಮ್ಮನೆ ಇತ್ತು, ಯಾರದೋ ಕೈ ಅಲ್ಲಿ ಇಟ್ಟು ಹೋದಂತೆ. ಏನಾಯಿತು ಎಂದರೆ ಚಳಿಗೆ ಹಿಡಿದಿದೆ ಎಂದಳು.

ಹಸಿ ಕಡಲೆ ತರುತ್ತೇನೆಂದು ನಾನು ಅವಳ ಸೈಕಲ್ ಹತ್ತಿಕೊಂಡು ಹೊಲದ ಕಡೆ ಹೋದೆ. ಡಾಂಬರು ಮುಗಿದು ಟ್ರಾಲಿ ದಾರಿ ಶುರುವಾಗುತ್ತಲೇ ಹ್ಯಾಂಡಲ್ಲು ನನ್ನ ಕೈಗಳನ್ನು ಒದೆಯತೊಡಗಿತು. ಅಂಗೈಯಿಂದ ಹೊರಟ ಏಟು ಭುಜಕ್ಕೆ ಬಂದು ನಿಲ್ಲುತ್ತಿತ್ತು. ಇಳಿದು ನೋಡಿದೆ. ರಬ್ಬರಿನ ಉಂಗುರ ಕೆಳಗೆ ಇದ್ದಲ್ಲೇ ಇತ್ತು, ಅದರ ಸುತ್ತ ಕೂತ ಧೂಳು ಕೂಡ ಕದಲಿರಲಿಲ್ಲ. ಕಡಲೆಯನ್ನು ಮರೆತು ನೇರ ಗ್ಯಾರೇಜಿಗೆ ಹೋದೆ. ಹಬ್ಬದ ದಿನ, ಅಪ್ಪ ಪೇಟೆಗೆ ಹೋಗಿದ್ದ. ಅಪ್ಪನ ಪಾನೆಯಿಂದಲೇ ಶಾಕಪ್ಪಿನ ಮೇಲಿನ ಮುಚ್ಚಳ ಬಿಚ್ಚಿದೆ.

ಗಾಳಿ ಇರಬೇಕಾದ ಜಾಗದಲ್ಲಿ ಒಂದು ಗಟ್ಟಿ ಸ್ಪ್ರಿಂಗು, ಅದರ ಮೇಲೆ ಲೇಥಿನಲ್ಲಿ ಕಡೆದ ಬಿಳಿ ನೈಲಾನಿನ ಗೂಟ. ಸ್ಪ್ರಿಂಗಿನ ಎರಡೂ ತುದಿಯನ್ನು ಅಪ್ಪ ನುಣ್ಣಗೆ ಉಜ್ಜಿ ಚಪ್ಪಟೆ ಮಾಡಿದ್ದ. ಗೂಟದ ಅಂಚಿಗೆ, ಕೈಗೆ ತಾಗದಿರಲೆಂದು, ಸಣ್ಣ ದುಂಡು ಕೊಟ್ಟಿದ್ದ. ಯಾರೂ ಎಂದೂ ನೋಡದ ಜಾಗಕ್ಕೆ ಅಷ್ಟು ಚೆಂದದ ಕೆಲಸ. ನನಗೆ ಸಿಟ್ಟು ಬಂದಿತ್ತು; ಅದನ್ನು ಅಂಗೈಯಲ್ಲಿ ಇಟ್ಟುಕೊಂಡ ಮೇಲೆ ಆ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಅಕ್ಕ ಹುಡುಕಿಕೊಂಡು ಬಂದಳು. ನನ್ನ ಕೈಯಲ್ಲಿದ್ದುದನ್ನು ನೋಡಿ, ಕೆಳಗಿಡು ಎಂದಳು.

"ಇಷ್ಟ ದಿನಾ ಯಾಕ ಹೇಳಲಿಲ್ಲ?"

"ಅಪ್ಪಾ ಮೊದಲನೇ ಸಲ ಹೋಗಿ ಬಾ ಅಂದಾನ," ಅಂದಳು ಅಕ್ಕ. "ಅದು ಕುಂದರಬೇಕಾಗಿತ್ತು, ನೀ ಕೆಡಿಸಿದಿ ಅಂತ ಹ್ಯಾಂಗ ಅನ್ನಲಿ?"

"ನಾ ಅಂತೇನಿ."

"ನೀ ಅಂದ್ರ ಅಂವಾ ಒಪ್ಪತಾನ ಬೇ. ನೀ ಒಪ್ಪಸ್ತಿ, ಗೊತ್ತೈತಿ ನನಗ. ಒಪ್ಪಿದ ಮ್ಯಾಲ? ನನ್ನಿಂದ ಮತ್ತ ಕೈ ನೋವಾತು ಅಂತ ಗಾಡಿ ಕೀಲಿ ತಗೊಂಡ ಬಾಗಲದಾಗ ನಿಂದರತಾನ. ಗೆದ್ದ ನೀ ಧಾರವಾಡಕ್ಕ ಹೋಗ್ತಿ."

ನಾನು ಬೇರೆ ದಾರಿ ಹಿಡಿದೆ. ಅಪ್ಪನಿಗೆ ಹೇಳುವುದು ಬೇಡ, ಗೂಟ ತೆಗೆದು ಮೊದಲಿನಂತೆ ಗಾಳಿ ತುಂಬಿಬಿಡೋಣ, ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ಅಕ್ಕ ಮನೆಯಿಂದ ಆ ಸಣ್ಣ ಪಂಪು ತಂದಳು. ತುಂಬಿದೆವು. ಅಕ್ಕ ಕೂತಳು, ಮುಂಭಾಗ ಮೆಲ್ಲಗೆ ಇಳಿಯಿತು, ಅವಳ ಮುಖ ಆ ಮಳೆಗಾಲದ್ದಾಯಿತು. ಆದರೆ ಇಳಿದದ್ದು ನಿಲ್ಲಲಿಲ್ಲ. ಸಣ್ಣಗೆ ಹಿಸ್ ಎನ್ನುತ್ತ ಇಳಿಯುತ್ತಲೇ ಹೋಗಿ ತಳಕ್ಕೆ ಕೂತಿತು. ಮತ್ತೆ ತುಂಬಿದೆವು, ಮತ್ತೆ ಕೂತಿತು. ಮೂರು ತಿಂಗಳು ಸ್ಪ್ರಿಂಗು ಒಳಗೋಡೆಯನ್ನು ಕೆರೆದಿತ್ತು, ಗಾಳಿ ಹಿಡಿಯುವ ರಬ್ಬರನ್ನು ಹರಿದಿತ್ತು. ನಿಪ್ಪಾಣಿಗೆ ಫೋನ್ ಮಾಡಿದೆ. ರಬ್ಬರು ಬೇಕಾದರೆ ಹುಡುಕಬಹುದಿತ್ತು, ಗೋಡೆ ಕೆರೆದರೆ ಏನೂ ಮಾಡಲಾಗದು, ಆ ಮಾದರಿ ನಿಂತೇ ಹೋಗಿದೆ ಎಂದರು ಬ್ಯಾಂಕಿನವರು. ಅದರೊಳಗೆ ಏನು ಹಾಕಿದ್ದಿರಿ ಎಂದು ಕೇಳಿದರು. ಏನೋ ಧೂಳು ಹೋಗಿತ್ತು ಎಂದೆ.

"ಹೊಳ್ಳಿ ಹಾಕು," ಅಂದಳು ಅಕ್ಕ. "ಅಪ್ಪಾ ಬರೂ ಹೊತ್ತಾತು."

ಸ್ಪ್ರಿಂಗು ಹಾಕಿದೆ. ಗೂಟ ಹಾಕಿದೆ. ಮುಚ್ಚಳ ತಿರುಗಿಸಿದೆ. ಅಕ್ಕ ಸೆರಗಿನಿಂದ ಅದರ ಮೇಲಿನ ಗ್ರೀಸ್ ಒರೆಸಿದಳು, ಎಡಗೈಯಿಂದ.

ಶಿವರಾತ್ರಿಯ ತನಕ ಅವಳು ಅದೇ ಸೈಕಲ್ ತುಳಿದಳು. ನಾನು ಫೋನಿನಲ್ಲಿ ಬೇಡ ಎಂದೆ, ಬೈದೆ, ಅತ್ತೆ. ಇನ್ನೇನು ಹಂಗಾಮು ಮುಗಿಯುತ್ತದೆ, ದಾರಿ ಸರಿಯಾಗುತ್ತದೆ ಎನ್ನುತ್ತಿದ್ದಳು. ದಾರಿ ಸರಿಯಾಗುವ ಮೊದಲೇ ಒಂದು ದಿನ ಶಾಲೆಯಲ್ಲಿ ಸೀಮೆಸುಣ್ಣ ಬೆರಳಿನಿಂದ ಬಿತ್ತು, ಎತ್ತಿಕೊಂಡರೆ ಮತ್ತೆ ಬಿತ್ತು. ಚಿಕ್ಕೋಡಿಯ ಡಾಕ್ಟರು ಕೈಗೆ ಪಟ್ಟಿ ಹಾಕಿ, ಸೈಕಲ್ ಎಂಬ ಮಾತೇ ಎತ್ತಬೇಡಿ ಎಂದರು. ಮರುದಿನ ಮುಂಜಾನೆ ಅಪ್ಪ ಮೊಳೆಯಿಂದ ಬೈಕಿನ ಕೀಲಿ ತೆಗೆದ.

ಯುಗಾದಿಗೆ ನಾನು ಬಂದಾಗ ಅಪ್ಪ ಗ್ಯಾರೇಜಿನಲ್ಲಿ ಚಹಾ ಕುಡಿಯುತ್ತಿದ್ದ. ಸೈಕಲ್ಲು ಮೂಲೆಯಲ್ಲಿತ್ತು, ಧೂಳು ಬೀಳದಿರಲೆಂದು ಗೋಣಿಚೀಲ ಹೊದಿಸಿದ್ದ. ನಾನು ಅತ್ತ ನೋಡುವುದನ್ನು ಕಂಡು, ತಾನಾಗಿ ಮಾತೆತ್ತಿದ. ಅಪ್ಪ ತಾನಾಗಿ ಮಾತೆತ್ತುವುದು ಅಪರೂಪ.

"ಸೈಕಲ್ ಗಟ್ಟಿ ಮಾಡಿ ಕೊಟ್ಟೆ," ಅಂದ. "ಕೈನ ಗಟ್ಟಿ ಇಲ್ಲಂದ್ರ ನಾ ಏನ್ ಮಾಡ್ಲಿ ಹೇಳವಾ?"

ನನ್ನನ್ನು ಕೇಳಿದ್ದ. ನಿಜವಾಗಿಯೂ ಕೇಳಿದ್ದ, ಉತ್ತರ ಸಿಗಬಹುದು ಎಂಬಂತೆ ಮುಖ ನೋಡುತ್ತಿದ್ದ. ನಾಲಿಗೆಯ ತುದಿಯಲ್ಲಿ ಆ ಒಂದು ಉಸಿರಿನ ಮಾತು ಇತ್ತು. ತಪ್ಪು ಯಾರದು ಎಂದು ಹುಡುಕುವುದೇ ನನ್ನ ಓದು. ಇಲ್ಲಿ ಅಪ್ಪನದು ಎನ್ನಲೇ, ಹೇಳದ ಅಕ್ಕನದು ಎನ್ನಲೇ? ಇಬ್ಬರೂ ಮಾಡಿದ್ದು ಇನ್ನೊಬ್ಬರ ಮನಸ್ಸು ನೋಯಬಾರದೆಂದು. ಇಂಥ ಮೊಕದ್ದಮೆಯಲ್ಲಿ ಯಾರ ಪರ ನಿಂತರೂ ಗೆಲ್ಲಬಹುದು, ಗೆದ್ದು ಏನು ಮಾಡುವುದು ಎಂಬುದಷ್ಟೇ ಗೊತ್ತಾಗುವುದಿಲ್ಲ. ಚಹಾದ ಲೋಟ ತೊಳೆಯಲು ತೆಗೆದುಕೊಂಡು ಎದ್ದೆ.

ಈಗ ಅಕ್ಕನ ಕೈ ಎಷ್ಟೋ ವಾಸಿ. ರೊಟ್ಟಿ ಬಡಿಯುತ್ತಾಳೆ. ಅಪ್ಪನ ಬೈಕಿನ ಹಿಂದೆ ಒಂದು ಕಡೆ ಕಾಲು ಇಳಿಬಿಟ್ಟು ಕೂತು ಹೋಗುತ್ತಾಳೆ, ಹಾಗೇ ಬರುತ್ತಾಳೆ. ಅವಳ ಕೈಗೆ ತಾಗದಿರಲೆಂದು ಅಪ್ಪ ಪ್ರತಿ ತಗ್ಗಿಗೂ ಗಾಡಿಯನ್ನು ಕಾಲೂರಿ ಇಳಿಸುತ್ತಾನೆ. ನಡುವಿನ ದಾರಿಯಲ್ಲೂ ಅವಳು ಈಗ ಮಗಳು. ದಾರಿಯಿಂದ ನನಗೆ ಫೋನ್ ಬರುವುದಿಲ್ಲ, ಎಮ್ಮೆ ಅಡ್ಡ ಮಲಗಿದರೆ ಅಪ್ಪ ಹಾರ್ನ್ ಹೊಡೆಯುತ್ತಾನೆ.

ಈ ಮಳೆಗಾಲ ಶುರುವಾದಾಗ, ನಾನೂ ಸೇರಿದ್ದ ಸೈಕಲ್ಲಿನವರ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಬಂತು. ಅಥಣಿಯ ಯಾರೋ ಹಾಕಿದ್ದರು. ಗಾಳಿಯ ಶಾಕಪ್, ಹಳೆಯ ಮಾದರಿ. ಅಕ್ಕ ಮಾಡುತ್ತಿದ್ದಂತೆ ಫೋಟೋ ದೊಡ್ಡದು ಮಾಡಿ ನೋಡಿದೆ. ಬ್ರೇಕಿನ ಗೂಟ ಎರಡೂ ಇದ್ದವು. ಬೆಲೆ ನಮ್ಮ ಕೈಗೆ ಎಟುಕುವಂಥದು. ಸೈಕಲ್ಲು ಮೆತ್ತಗಿದ್ದರೆ ಸ್ವಲ್ಪ ಸ್ವಲ್ಪ ತುಳಿಯಬಹುದು ಎಂದು ಡಾಕ್ಟರೂ ಹಿಂದಿನ ವಾರ ಹೇಳಿದ್ದರು. ಅಕ್ಕನಿಗೆ ಕಳಿಸಿದೆ. ನೋಡಿದ ಗುರುತು ಆಗಲೇ ಬಂತು. ಉತ್ತರ ಶಾಲೆ ಬಿಟ್ಟ ಮೇಲೆ ಬಂತು.

"ಭಾಳ ಚಲೋ ಐತಿ. ಅಪ್ಪಾ ಮಾಡಿದ್ದ ಯಾಕ ತಗದ್ರಿ ಅಂತ ಕೇಳಿದ್ರ ಏನ್ ಹೇಳೂದು?"

ಒಂದು ಉತ್ತರ ಬರೆದೆ, ಅಳಿಸಿದೆ. ಇನ್ನೊಂದು ಬರೆದೆ, ಅದು ಮೊದಲಿನದಕ್ಕಿಂತ ಜಾಣತನದ್ದು, ಅದನ್ನೂ ಅಳಿಸಿದೆ. ಅಷ್ಟರಲ್ಲಿ ಅವಳೇ ಬರೆದಳು: "ಇರ್ಲಿ ಬಿಡ. ಇವತ್ತ ಕಾಲುವಿ ಹಂತೇಕ ಭಾಳ ರಾಡಿ ಇತ್ತು. ಅಪ್ಪಾ ಗಾಡಿ ನಿಂದ್ರಸಿ, ನನ್ನ ಇಳಸಿ, ಕೈ ಹಿಡದ ದಾಟಿಸಿದ."

ಯಾವ ಕೈ ಎಂದು ನಾನು ಕೇಳಲಿಲ್ಲ. ಮರುದಿನ ಗುಂಪು ತೆರೆದು ನೋಡಿದೆ. ಆ ಫೋಟೋದ ಕೆಳಗೆ, ಮಾರಾಟವಾಗಿದೆ, ಯಾರೂ ಕೇಳಬೇಡಿ ಎಂದು ಬರೆದಿದ್ದರು.